ಉಚ್ಚಾರ ಎಲ್ಲಿಂದ ಹೊರಡುತ್ತದೆ?

ಪದ್ಯ ಓದುವಾಗ ನಾಲಗೆ ತಡವರಿಸಿದರೆ ಮೇಷ್ಟ್ರು, "ಉಚ್ಚಾರ ಸರಿಯಾಗಿರಲಿ, ಇನ್ನೊಂದು ಸಲ ಓದು" ಅನ್ನುತ್ತಾರೆ. ಇವತ್ತು ಆ ‘ಉಚ್ಚಾರ’ ಎಂಬ ಪದವನ್ನೇ ಬಿಡಿಸಿ ನೋಡೋಣ. ಅದರೊಳಗೆ ನಮ್ಮ ಎದೆ, ಗಂಟಲು, ಬಾಯಿ, ಮೂಗು ಎಲ್ಲದರ ಕಥೆಯೂ ಇದೆ.

ಇದು ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದ. ‘ಉತ್’ ಮತ್ತು ‘ಚಾರ’ ಎಂಬ ಎರಡು ತುಂಡು ಸೇರಿ ಆಗಿದೆ. ಉತ್ ಎಂದರೆ ಮೇಲಕ್ಕೆ, ಹೊರಕ್ಕೆ. ಉನ್ನತ, ಉದ್ಭವ, ಉತ್ಥಾನ ಎಂಬ ಪದಗಳ ಮೊದಲಲ್ಲಿ ಕೂತಿರುವುದೂ ಇದೇ ಉತ್. ಚಾರ ಎಂದರೆ ಚಲಿಸುವುದು, ಓಡಾಡುವುದು. ಸಂಚಾರ, ಪ್ರಚಾರಗಳಲ್ಲಿ ಇರುವಂಥದ್ದು. ಎರಡೂ ಸೇರಿದರೆ ‘ಮೇಲೇರಿ ಹೊರಬರುವುದು’ ಎಂದಾಯಿತು.

ಉತ್ ಮತ್ತು ಚಾರ ಸೇರಿದರೆ ‘ಉತ್ಚಾರ’ ಆಗಬೇಕಿತ್ತಲ್ಲ, ‘ಉಚ್ಚಾರ’ ಯಾಕಾಯಿತು? ಬೇಗಬೇಗನೆ ನಾಲ್ಕು ಸಲ ‘ಉತ್-ಚಾರ, ಉತ್-ಚಾರ’ ಎಂದು ಹೇಳಿ ನೋಡಿ. ‘ತ್’ ಅನ್ನುವಾಗ ನಾಲಗೆಯ ತುದಿ ಹಲ್ಲಿನ ಹಿಂಬದಿಗೆ ತಾಗುತ್ತದೆ. ‘ಚ’ ಅನ್ನುವಾಗ ನಾಲಗೆ ಕೊಂಚ ಹಿಂದೆ ಸರಿದು ಅಂಗುಳಿಗೆ ತಾಗುತ್ತದೆ. ಒಂದರ ಬೆನ್ನಿಗೇ ಇನ್ನೊಂದು ಬಂದಾಗ ನಾಲಗೆ ಎರಡೆರಡು ಕಡೆ ಓಡುವುದನ್ನು ಬಿಟ್ಟು ನೇರವಾಗಿ ಅಂಗುಳಿಗೇ ಹೋಗಿಬಿಡುತ್ತದೆ. ಆಗ ‘ತ್’ ಕೂಡ ‘ಚ್’ ಆಗುತ್ತದೆ. ಸತ್ ಮತ್ತು ಚರಿತ್ರೆ ಸೇರಿ ಸಚ್ಚರಿತ್ರೆ ಆಗುವುದೂ ಹೀಗೆಯೇ. ವ್ಯಾಕರಣದ ಪುಸ್ತಕದಲ್ಲಿ ಇದಕ್ಕೆ ಶ್ಚುತ್ವ ಸಂಧಿ ಎಂಬ ಹೆಸರಿದೆ. ಹೆಸರು ಕಷ್ಟ, ಆದರೆ ಸಂಗತಿ ನಿಮ್ಮ ನಾಲಗೆಗೆ ಆಗಲೇ ಗೊತ್ತು.

ಸರಿ, ಮೇಲೇರಿ ಹೊರಬರುವುದು ಏನು? ಗಾಳಿ. ನಾವು ಬಿಡುವ ಉಸಿರು.

ಕಬಡ್ಡಿ ಆಡಿದವರಿಗೆ ಇದು ಚೆನ್ನಾಗಿ ತಿಳಿದಿರುತ್ತದೆ. ಎದುರಾಳಿಗಳ ಅಂಕಣಕ್ಕೆ ನುಗ್ಗುವ ಮೊದಲು ಎದೆ ತುಂಬ ಉಸಿರು ತುಂಬಿಕೊಳ್ಳುತ್ತೀರಿ. ಆಮೇಲೆ ‘ಕಬಡ್ಡಿ ಕಬಡ್ಡಿ’ ಎಂದು ಒಂದೇ ಸಮನೆ ಹೇಳುತ್ತ ಹೋಗುತ್ತೀರಿ. ಹೇಳುತ್ತಿದ್ದೀರಿ ಎಂದರೆ ಉಸಿರು ಹೊರಗೆ ಹೋಗುತ್ತಿದೆ ಎಂದರ್ಥ. ಉಸಿರು ಮುಗಿಯಿತೋ ಮಾತೂ ನಿಂತಿತು. ದನಿ ನಿಂತದ್ದು ಕೇಳಿಸಿದ ಕೂಡಲೇ ಆಟಗಾರ ಉಸಿರು ಎಳೆದುಕೊಳ್ಳುತ್ತಿದ್ದಾನೆ ಎಂದು ಎಲ್ಲರಿಗೂ ತಿಳಿಯುತ್ತದೆ. ಮಾತು ಮತ್ತು ಉಸಿರು ಎಷ್ಟು ಹತ್ತಿರದವು ಎಂಬುದನ್ನು ಆಟದ ನಿಯಮವನ್ನಾಗಿ ಮಾಡಿದವರು ನಿಜವಾಗಿಯೂ ಜಾಣರು.

ಸುಮ್ಮನೆ ಕೂತಿರುವಾಗ ನಾವು ಉಸಿರು ಎಳೆದುಕೊಳ್ಳುವುದಕ್ಕೂ ಬಿಡುವುದಕ್ಕೂ ಹೆಚ್ಚುಕಡಿಮೆ ಹತ್ತಿರ ಹತ್ತಿರದಷ್ಟೇ ಹೊತ್ತು ಹಿಡಿಯುತ್ತದೆ. ಮಾತಾಡುವಾಗ ಹಾಗಲ್ಲ. ಗಬಕ್ಕನೆ ಉಸಿರು ಎಳೆದುಕೊಂಡು ತುಂಬ ನಿಧಾನವಾಗಿ, ಅಳೆದು ಅಳೆದು ಬಿಡುತ್ತೇವೆ. ಎದೆಗೂಡಿನ ಸ್ನಾಯುಗಳು, ಹೊಟ್ಟೆಯ ಸ್ನಾಯುಗಳು, ಎದೆಗೂ ಹೊಟ್ಟೆಗೂ ನಡುವೆ ಹಾಸಿಕೊಂಡಿರುವ ವಪೆ ಎಂಬ ಅಗಲವಾದ ಸ್ನಾಯು, ಇವೆಲ್ಲ ಸೇರಿ ಈ ಕೆಲಸ ಮಾಡುತ್ತವೆ. ಯಾರೂ ಕಲಿಸದಿದ್ದರೂ ಎರಡು ವರ್ಷದ ಮಗುವಿಗೂ ಇದು ಬರುತ್ತದೆ.

ಕನ್ನಡದಲ್ಲಿ ಈ ಸಂಗತಿಯನ್ನು ಬಹಳ ಹಿಂದೆಯೇ ಯೋಚಿಸಿದವನೊಬ್ಬನಿದ್ದಾನೆ. ಅವನ ಹೆಸರು ಕೇಶಿರಾಜ. 13ನೆಯ ಶತಮಾನದವನು, ಕವಿ ಜನ್ನನ ಸೋದರಳಿಯ. ಅವನು ಬರೆದ ‘ಶಬ್ದಮಣಿದರ್ಪಣ’ ಹಳಗನ್ನಡದ ವ್ಯಾಕರಣ. ಅದರಲ್ಲಿ ಶಬ್ದ ಹುಟ್ಟುವ ಬಗೆಯನ್ನು ಅವನು ಹೀಗೆ ವಿವರಿಸುತ್ತಾನೆ: ಜೀವಕ್ಕೆ ಮಾತಾಡಬೇಕೆಂಬ ಇಷ್ಟ ಹುಟ್ಟಬೇಕು, ಗಾಳಿ ಅದಕ್ಕೆ ಅನುಕೂಲವಾಗಿ ಒದಗಬೇಕು, ಆಗ ಹೊಕ್ಕುಳಿನ ಬುಡದಲ್ಲಿ ಕಹಳೆಯ ಹಾಗೆ ಶಬ್ದ ಹುಟ್ಟುತ್ತದೆ. ಶಬ್ದಕ್ಕೆ ಬಿಳಿಯ ಬಣ್ಣವಿದೆ ಎಂದೂ ಹೇಳುತ್ತಾನೆ! ಅವನ ಮತದವರಾದ ಜೈನರು ಶಬ್ದವನ್ನು ಒಂದು ದ್ರವ್ಯ, ಅಂದರೆ ವಸ್ತು ಎಂದೇ ತಿಳಿದಿದ್ದರು. ವಸ್ತು ಅಂದಮೇಲೆ ಬಣ್ಣವೂ ಇರಬೇಕಲ್ಲ.

ಬಣ್ಣದ ಮಾತನ್ನು ಇಂದಿನ ವಿಜ್ಞಾನ ಒಪ್ಪುವುದಿಲ್ಲ. ದನಿ ಹುಟ್ಟುವ ಜಾಗವೂ ಹೊಕ್ಕುಳಲ್ಲ, ಗಂಟಲು. ಆದರೆ ಉಳಿದದ್ದನ್ನು ನೋಡಿ. ಮೊದಲು ಇಷ್ಟ, ಅಂದರೆ ಮಿದುಳಿನ ಅಪ್ಪಣೆ. ಆಮೇಲೆ ಗಾಳಿ. ಆಮೇಲೆ ಕಹಳೆ. ಕಹಳೆ ಊದುವವನ ತುಟಿಗಳು ಗಾಳಿಗೆ ಅದುರುತ್ತವೆ, ಕಹಳೆಯ ಕೊಳವೆ ಆ ಅದುರುವಿಕೆಯನ್ನು ದೊಡ್ಡದು ಮಾಡಿ ಅದಕ್ಕೊಂದು ಗುಣ ಕೊಡುತ್ತದೆ. ನಮ್ಮ ದನಿಯೂ ಇದೇ ರೀತಿ ಹುಟ್ಟುತ್ತದೆ. ಒಂದು ಸಲಕರಣೆಯೂ ಇಲ್ಲದ ಕಾಲದಲ್ಲಿ ಇಷ್ಟನ್ನು ಬರೆದಿಟ್ಟ ಕೇಶಿರಾಜನನ್ನು ನೆನೆದರೆ ನನಗೆ ತುಂಬ ಹೆಮ್ಮೆ.

ಇನ್ನು ಗಂಟಲಿಗೆ ಬರೋಣ. ಕತ್ತಿನ ಮುಂಭಾಗವನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ ‘ಆ’ ಎಂದು ಎಳೆಯಿರಿ. ಬೆರಳಿಗೆ ಝುಮ್ಮೆನ್ನುವ ಅದುರು ತಿಳಿಯುತ್ತದೆ. ಅಲ್ಲಿ ಮೃದ್ವಸ್ಥಿಯಿಂದ ಆದ ಒಂದು ಪುಟ್ಟ ಗೂಡು ಇದೆ. ಅದೇ ಧ್ವನಿಪೆಟ್ಟಿಗೆ. ಅದರೊಳಗೆ ಎಡಕ್ಕೊಂದು ಬಲಕ್ಕೊಂದು ಮೆತ್ತನೆಯ ಮಡಿಕೆಗಳಿವೆ. ದೊಡ್ಡ ಗಂಡಸರಲ್ಲಿ ಇವುಗಳ ಉದ್ದ ಸುಮಾರು 2 ಸೆಂಟಿಮೀಟರ್, ಹೆಂಗಸರಲ್ಲಿ ಸುಮಾರು ಒಂದೂವರೆ, ನಿಮ್ಮಲ್ಲಿ ಇನ್ನೂ ಚಿಕ್ಕವು. ಇಷ್ಟೇ ಇಷ್ಟುದ್ದದ ಮಡಿಕೆಗಳಿಂದ ಭೀಮಸೇನ ಜೋಶಿಯವರ ಗಾಯನ ಬಂತು, ನಿಮ್ಮ ಅಜ್ಜಿಯ ಜೋಗುಳವೂ ಬಂತು.

ಪುಸ್ತಕಗಳಲ್ಲಿ ಇವನ್ನು ಧ್ವನಿತಂತು ಎಂದು ಬರೆಯುತ್ತಾರೆ. ಹಾಗೆಂದಾಗ ವೀಣೆಯ ತಂತಿ ಕಣ್ಣಮುಂದೆ ಬರುತ್ತದೆ. ಈ ಹೆಸರಿನ ಹಿಂದೆ ಇರುವವನು ಫ್ರಾನ್ಸಿನ ಆಂತ್ವಾನ್ ಫೆರಾಂ ಎಂಬ ಅಂಗರಚನಾ ವಿಜ್ಞಾನಿ. ಸತ್ತ ಪ್ರಾಣಿಗಳ ಧ್ವನಿಪೆಟ್ಟಿಗೆಗೆ ಗಾಳಿ ಊದಿ ದನಿ ಬರಿಸಿ ನೋಡಿದ ಅವನು, ಇವು ತಂತಿಗಳ ಹಾಗೆ ಮಿಡಿಯುತ್ತವೆ ಎಂದು ತಿಳಿದು 1741ರಲ್ಲಿ ತಂತಿ ಎಂದೇ ಕರೆದ. ನಿಜಕ್ಕೂ ಅವು ತಂತಿಗಳಲ್ಲ, ಗಾಳಿಯ ದಾರಿಗೆ ಅಡ್ಡವಾಗಿ ಎರಡು ಕಡೆಯಿಂದ ಚಾಚಿಕೊಂಡಿರುವ ಮಡಿಕೆಗಳು. ಹೆಸರು ಮಾತ್ರ ಹಾಗೆಯೇ ಉಳಿದು, ಲೋಕವನ್ನೆಲ್ಲ ಸುತ್ತಿ, ಕನ್ನಡಕ್ಕೂ ಬಂತು.

ಅವು ಅದುರುವ ಬಗೆಯನ್ನು ತಿಳಿಯಲು ಒಂದು ಬಲೂನು ಸಾಕು. ಊದಿದ ಬಲೂನಿನ ಬಾಯನ್ನು ಎರಡು ಕೈಯಿಂದ ಹಿಡಿದು ಅಗಲಕ್ಕೆ ಎಳೆಯಿರಿ. ಹೊರಡುವ ಗಾಳಿ ಕೀಂ ಎನ್ನುತ್ತದೆ. ಹೆಚ್ಚು ಎಳೆದರೆ ದನಿ ಇನ್ನೂ ಕೀಚಲು, ಸಡಿಲ ಬಿಟ್ಟರೆ ದಪ್ಪ. ಗಂಟಲಲ್ಲೂ ಹೀಗೆಯೇ. ಮಾತಾಡಬೇಕು ಅಂದುಕೊಂಡಾಗ ಮಡಿಕೆಗಳು ಒಂದಕ್ಕೊಂದು ಹತ್ತಿರ ಬಂದು ದಾರಿಯನ್ನು ಮುಚ್ಚುತ್ತವೆ. ಕೆಳಗಿನಿಂದ ಬಂದ ಗಾಳಿ ಅವನ್ನು ತಳ್ಳಿ ಬಿಡಿಸುತ್ತದೆ. ಸಂದಿನಲ್ಲಿ ಗಾಳಿ ಜೋರಾಗಿ ನುಗ್ಗಿದಾಗ ಅಲ್ಲಿನ ಒತ್ತಡ ತಗ್ಗುತ್ತದೆ. ಮಡಿಕೆಗಳಿಗೆ ತಮ್ಮದೇ ಹಿಗ್ಗಿ ಕುಗ್ಗುವ ಗುಣವೂ ಇದೆ. ಹಾಗಾಗಿ ಅವು ಮತ್ತೆ ಕೂಡಿಕೊಳ್ಳುತ್ತವೆ. ಮತ್ತೆ ಗಾಳಿ ತಳ್ಳುತ್ತದೆ. ದೊಡ್ಡ ಗಂಡಸರು ಮಾತಾಡುವಾಗ ಇದು ಸೆಕೆಂಡಿಗೆ ಸುಮಾರು 100ರಿಂದ 130 ಸಲ ನಡೆಯುತ್ತದೆ. ಹೆಂಗಸರಲ್ಲಿ ಸುಮಾರು 200 ಸಲ, ಚಿಕ್ಕ ಮಕ್ಕಳಲ್ಲಿ 300ರ ಆಸುಪಾಸು. ಒಂದೊಂದು ಸಲಕ್ಕೂ ಮಿದುಳು ‘ತೆಗೆ, ಮುಚ್ಚು’ ಎಂದು ಹೇಳುತ್ತ ಕೂರುವುದಿಲ್ಲ. ಮಡಿಕೆಗಳನ್ನು ಹತ್ತಿರ ತಂದು ಎಷ್ಟು ಬಿಗಿಯಬೇಕೋ ಅಷ್ಟು ಬಿಗಿದು ಕೊಟ್ಟರೆ ಉಳಿದದ್ದನ್ನು ಗಾಳಿಯೇ ನೋಡಿಕೊಳ್ಳುತ್ತದೆ.

ಹುಡುಗರಿಗೆ 12–14 ವರ್ಷದ ಹೊತ್ತಿಗೆ ಧ್ವನಿಪೆಟ್ಟಿಗೆ ಬೇಗಬೇಗ ಬೆಳೆಯುತ್ತದೆ. ಮಡಿಕೆಗಳು ಉದ್ದವೂ ದಪ್ಪವೂ ಆಗುತ್ತವೆ, ನಿಧಾನವಾಗಿ ಅದುರುತ್ತವೆ. ಹೊಸ ಅಳತೆ ಕೈಹಿಡಿಯುವ ತನಕ ದನಿ ಒಮ್ಮೆ ದಪ್ಪ, ಒಮ್ಮೆ ಕೀಚಲು. ಅಣ್ಣನ ದನಿ ಒಡೆದಾಗ ನಗಬೇಡಿ.

ಈ ಮಡಿಕೆಗಳನ್ನು ಬದುಕಿರುವ ಮನುಷ್ಯನಲ್ಲಿ, ಅದುರುತ್ತಿರುವಾಗಲೇ, ಚೆನ್ನಾಗಿ ಕಂಡು ಬರೆದಿಟ್ಟವನು ವೈದ್ಯನಲ್ಲ, ಒಬ್ಬ ಹಾಡಿನ ಮೇಷ್ಟ್ರು. ಮಾನ್ವೆಲ್ ಗಾರ್ಸಿಯಾ ಎಂದು ಅವನ ಹೆಸರು. ಸ್ಪೇನ್ ಮೂಲದವನು, ಲಂಡನ್ನಿನಲ್ಲಿ ಹಾಡು ಕಲಿಸುತ್ತಿದ್ದ. ಶಿಷ್ಯರ ಗಂಟಲೊಳಗೆ ಏನು ನಡೆಯುತ್ತದೆಂದು ಕಾಣಬೇಕೆಂಬ ಹಂಬಲ ಅವನಿಗೆ ವರ್ಷಗಳಿಂದ ಇತ್ತು. 1854ರಲ್ಲಿ ಪ್ಯಾರಿಸ್ಸಿಗೆ ಹೋಗಿದ್ದಾಗ ಹಲ್ಲಿನ ವೈದ್ಯರು ಬಳಸುವ ಉದ್ದ ಹಿಡಿಯ ಪುಟ್ಟ ಕನ್ನಡಿಯೊಂದನ್ನು ಕೊಂಡ. ಅದನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿ ಗಂಟಲ ಹಿಂಭಾಗಕ್ಕೆ ಹಿಡಿದ. ಇನ್ನೊಂದು ಕೈಯಲ್ಲಿ ಬೇರೊಂದು ಕನ್ನಡಿ ಹಿಡಿದು ಬಿಸಿಲನ್ನು ಆ ಪುಟ್ಟ ಕನ್ನಡಿಯ ಮೇಲೆ ಬೀಳಿಸಿದ. ತನ್ನದೇ ಗಂಟಲು ತೆರೆದುಕೊಂಡಿರುವುದು ಅವನಿಗೆ ಕಂಡೇಬಿಟ್ಟಿತು! ಮರುವರ್ಷ ಇದನ್ನೆಲ್ಲ ಬರೆದು ಲಂಡನ್ನಿನ ರಾಯಲ್ ಸೊಸೈಟಿಗೆ ಒಪ್ಪಿಸಿದ. ಇಂದಿಗೂ ಗಂಟಲಿನ ವೈದ್ಯರ ಬಳಿ ಅಂಥದೇ ಕನ್ನಡಿ ಇರುತ್ತದೆ. ಗಾರ್ಸಿಯಾ 101 ವರ್ಷ ಬದುಕಿದ. (ನೀವು ಮಾತ್ರ ಗಂಟಲೊಳಗೆ ಏನನ್ನೂ ತೂರಿಸಬೇಡಿ. ಬೆರಳಿಟ್ಟು ಮುಟ್ಟಿ ನೋಡಿದರೆ ಸಾಕು.)

ಒಂದು ವಿಷಯ ಹೇಳಿದರೆ ನಿಮಗೆ ಅಚ್ಚರಿಯಾಗಬಹುದು. ಈ ಮಡಿಕೆಗಳ ಮೊದಲ ಕೆಲಸ ಮಾತಲ್ಲ, ಕಾವಲು. ಗಂಟಲಿನಲ್ಲಿ ಅನ್ನನಾಳವೂ ಶ್ವಾಸನಾಳವೂ ಒಂದರ ಪಕ್ಕ ಒಂದಿವೆ. ನುಂಗುವಾಗ ಅನ್ನ, ನೀರು ಉಸಿರಿನ ದಾರಿಗೆ ಬೀಳದಂತೆ ಮೇಲೊಂದು ಮುಚ್ಚಳ ಬಾಗುತ್ತದೆ, ಮಡಿಕೆಗಳೂ ಒತ್ತಾಗಿ ಮುಚ್ಚಿಕೊಳ್ಳುತ್ತವೆ. ಊಟ ಮಾಡುತ್ತ ನಗುನಗುತ್ತ ಮಾತಾಡಿದರೆ ಕಾವಲು ತಪ್ಪುತ್ತದೆ. ಒಂದು ಅಗುಳು ದಾರಿ ತಪ್ಪುತ್ತದೆ, ಕೆಮ್ಮು ಬರುತ್ತದೆ, ಕಣ್ಣಲ್ಲಿ ನೀರು. ಆಗ ದೊಡ್ಡವರು ‘ನೆತ್ತಿಗೆ ಹತ್ತಿತು’ ಎಂದು ತಲೆ ತಟ್ಟಿ, ಯಾರೋ ನೆನೆಸಿಕೊಂಡರು ಅನ್ನುತ್ತಾರೆ. ಅಗುಳು ಹೋದದ್ದು ನೆತ್ತಿಗಲ್ಲ, ಶ್ವಾಸನಾಳದ ಬಾಗಿಲಿಗೆ. ಹಲ್ಲು ಅಗಿಯಲಿಕ್ಕೆ, ನಾಲಗೆ ರುಚಿ ನೋಡಿ ತುತ್ತು ಹೊರಳಿಸಲಿಕ್ಕೆ, ಮೂಗು ಉಸಿರಾಡಲಿಕ್ಕೆ, ಮಡಿಕೆಗಳು ಕಾವಲಿಗೆ. ಮಾತಿಗೆಂದೇ ಮೀಸಲಾದ ಒಂದು ಅಂಗವೂ ನಮ್ಮಲ್ಲಿಲ್ಲ. ಬೇರೆ ಬೇರೆ ಕೆಲಸಕ್ಕೆ ಇದ್ದವುಗಳನ್ನೆಲ್ಲ ಕೂಡಿಸಿಕೊಂಡು ಮನುಷ್ಯ ಮಾತಾಡಿದ್ದಾನೆ. ಇದನ್ನು ಎಷ್ಟು ಸಲ ಯೋಚಿಸಿದರೂ ನನ್ನ ಬೆರಗು ಕಡಿಮೆಯಾಗುವುದಿಲ್ಲ.

ಗಂಟಲಿನಿಂದ ಬರುವ ದನಿ ಬರೀ ಗುಂಯ್ ಎನ್ನುವ ಸದ್ದು. ಅದು ‘ಆ’ ಆಗುವುದು, ‘ಈ’ ಆಗುವುದು ಬಾಯಲ್ಲಿ. ಒಂದೇ ಶ್ರುತಿ ಹಿಡಿದು ಉಸಿರು ನಿಲ್ಲಿಸದೆ ‘ಆ…ಈ…ಊ’ ಎನ್ನಿ. ಬೆರಳಿಗೆ ತಿಳಿಯುವ ಅದುರು ಬದಲಾಗುವುದಿಲ್ಲ. ಬದಲಾಗುವುದು ದವಡೆ, ನಾಲಗೆ, ತುಟಿ.

ಟೆಲಿಫೋನು ಕಂಡುಹಿಡಿದ ಅಲೆಕ್ಸಾಂಡರ್ ಗ್ರಹಾಂ ಬೆಲ್ ಚಿಕ್ಕಂದಿನಲ್ಲಿ ಇದನ್ನು ತನ್ನ ಮನೆಯ ನಾಯಿಯಿಂದಲೇ ತೋರಿಸಿದ. ಅವನ ತಂದೆ ಉಚ್ಚಾರ ಕಲಿಸುವ ಮೇಷ್ಟ್ರು. ತಾಯಿಗೆ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಹಾಗಾಗಿ ಮಾತು ಹೇಗೆ ಹುಟ್ಟುತ್ತದೆ ಎಂಬುದು ಆ ಮನೆಯಲ್ಲಿ ದಿನವೂ ಬರುವ ವಿಷಯವಾಗಿತ್ತು. ಬೆಲ್ ನಾಯಿಗೆ ಒಂದೇ ಸಮನೆ ಗುರ್ ಅನ್ನುವುದನ್ನು ಕಲಿಸಿದ. ಅದು ಗುರ್ ಅನ್ನುತ್ತಿರುವಾಗ ಕೈಯಿಂದ ಅದರ ಬಾಯನ್ನು ಮೆಲ್ಲಗೆ ತೆರೆದು ಮುಚ್ಚಿ ಮಾಡಿದ. ಕೇಳಿದವರಿಗೆ ‘ಹೇಗಿದ್ದೀಯ ಅಜ್ಜಿ?’ ಎಂಬ ಇಂಗ್ಲಿಷ್ ಮಾತಿನ ಹಾಗೆ ಕೇಳಿಸಿತಂತೆ! ಗಂಟಲು ನಾಯಿಯದು, ಬಾಯಿಯ ಆಕಾರ ಕೊಟ್ಟದ್ದು ಬೆಲ್‌ನ ಕೈ.

ಈಗ ನಮ್ಮ ವರ್ಣಮಾಲೆಯನ್ನು ಹೊಸದಾಗಿ ಹೇಳಿನೋಡೋಣ. ಕ, ಚ, ಟ, ತ, ಪ. ಬಾಯಿಪಾಠ ಮಾಡುವಾಗ ಇದು ಬರೀ ಸಾಲು ಅನ್ನಿಸಿರಬಹುದು. ನಿಧಾನವಾಗಿ ಹೇಳುತ್ತ ನಾಲಗೆಯನ್ನು ಗಮನಿಸಿ. ‘ಕ’ ಅನ್ನುವಾಗ ನಾಲಗೆಯ ಹಿಂಭಾಗ ಎದ್ದು ಗಂಟಲ ಹತ್ತಿರದ ಮೆತ್ತನೆ ಅಂಗುಳಿಗೆ ತಾಗುತ್ತದೆ. ‘ಚ’ ಬಂದಾಗ ಮುಂದಿನ ಗಟ್ಟಿ ಅಂಗುಳು. ‘ಟ’ದಲ್ಲಿ ನಾಲಗೆಯ ತುದಿ ಮೇಲಕ್ಕೆ ಮಡಚುತ್ತದೆ. ‘ತ’ದಲ್ಲಿ ಹಲ್ಲು. ‘ಪ’ದಲ್ಲಿ ತುಟಿ. ಒಳಗಿನಿಂದ ಹೊರಗಿನ ಕಡೆಗೆ, ಗಾಳಿ ಬರುವ ದಾರಿಯಲ್ಲೇ ಅಕ್ಷರಗಳನ್ನು ಜೋಡಿಸಿದ್ದಾರೆ. ಇಂಗ್ಲಿಷಿನ ಅಕ್ಷರಗಳ ಸಾಲಿನಲ್ಲಿ ಇಂಥ ಕ್ರಮವಿಲ್ಲ. ನಮ್ಮ ಸಾಲು ಬಾಯಿಯ ನಕ್ಷೆ.

ಸಾಲಿನೊಳಗೂ ಲೆಕ್ಕವಿದೆ. ಬೆರಳನ್ನು ಗಂಟಲ ಮೇಲಿಟ್ಟು ‘ಸ್ಸ್ಸ್’ ಎನ್ನಿ, ಆಮೇಲೆ ‘ಮ್ಮ್ಮ್’ ಎನ್ನಿ. ಮೊದಲನೆಯದರಲ್ಲಿ ಗಂಟಲು ಸುಮ್ಮನಿರುತ್ತದೆ, ಎರಡನೆಯದರಲ್ಲಿ ಅದುರುತ್ತದೆ. ಕ ಮತ್ತು ಗ, ಪ ಮತ್ತು ಬ ನಡುವಿನ ವ್ಯತ್ಯಾಸವೂ ಇದೇ. ಜಾಗ ಒಂದೇ, ಒಂದಕ್ಕೆ ಗಂಟಲಿನ ಅದುರು ಇಲ್ಲ, ಇನ್ನೊಂದಕ್ಕೆ ಇದೆ. ವೇದಗಳ ಉಚ್ಚಾರವನ್ನು ಕಾಪಾಡಲು ಬರೆದ ಪ್ರಾತಿಶಾಖ್ಯ ಎಂಬ ಹಳೆಯ ಗ್ರಂಥಗಳಲ್ಲಿ ಗಂಟಲು ತೆರೆದಿದ್ದರೆ ಬರೀ ಉಸಿರು, ಮುಚ್ಚಿಕೊಂಡರೆ ನಾದ ಎಂದು ಆಗಲೇ ಹೇಳಿದ್ದಾರೆ. ಯೂರೋಪಿನ ಪಂಡಿತರು 19ನೆಯ ಶತಮಾನದಲ್ಲಿ ಈ ಗ್ರಂಥಗಳನ್ನು ಓದಿ ಬಹಳ ಕಲಿತುಕೊಂಡರು. ಇನ್ನು ಮಹಾಪ್ರಾಣ: ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಪ’, ‘ಫ’ ಎನ್ನಿ. ಯಾವುದಕ್ಕೆ ಹೆಚ್ಚು ಗಾಳಿ ಬಡಿಯುತ್ತದೋ ಅದೇ ಮಹಾಪ್ರಾಣ.

ಸಾಲಿನ ಕೊನೆಯ ಅಕ್ಷರಗಳಾದ ಙ, ಞ, ಣ, ನ, ಮ ಮೂಗಿನ ನೆರವು ಬೇಡುತ್ತವೆ. ಮೂಗು ಹಿಡಿದುಕೊಂಡು ‘ಅಮ್ಮ’ ಎಂದು ಕರೆಯಿರಿ ನೋಡೋಣ. ‘ಅಬ್ಬ’ ಎನ್ನುವ ಹಾಗೆ ಕೇಳಿಸುತ್ತದೆ. ‘ಮ’ಕ್ಕೂ ‘ಬ’ಕ್ಕೂ ತುಟಿ ಒಂದೇ ರೀತಿ ಮುಚ್ಚುತ್ತದೆ, ‘ಮ’ದಲ್ಲಿ ಗಾಳಿಗೆ ಮೂಗಿನ ಬಾಗಿಲು ತೆರೆದಿರುತ್ತದೆ, ಅಷ್ಟೇ ಭೇದ. ನೆಗಡಿಯಾದ ದಿನ ಮನೆಯವರಿಗೆ ನಿಮ್ಮ ಮಾತು ವಿಚಿತ್ರವಾಗಿ ಕೇಳಿಸುವುದು ಇದಕ್ಕೇ.

ವರ್ಣಮಾಲೆಯ ನಕ್ಷೆಯಿಂದ ಕಳೆದುಹೋದ ಒಂದು ಅಕ್ಷರವೂ ಇದೆ: ೞ. ಇದನ್ನು ರಳ ಎಂದು ಕರೆಯುತ್ತಿದ್ದರು. ನಾಲಗೆಯ ತುದಿಯನ್ನು ಹಿಂದಕ್ಕೆ ಮಡಚಿ, ಎಲ್ಲಿಗೂ ತಾಗಿಸದೆ ಹೊರಡಿಸುವ ಉಲಿ ಅದು. ಹಳಗನ್ನಡದಲ್ಲಿ ಏಳನ್ನು ‘ಏೞು’ ಎನ್ನುತ್ತಿದ್ದರು, ಮಳೆಯನ್ನು ‘ಮೞೆ’, ಬಾಳೆಯನ್ನು ‘ಬಾೞೆ’. ನಮ್ಮ ನಾಲಗೆಗಳು ಕ್ರಮೇಣ ಅದನ್ನು ಬಿಟ್ಟುಕೊಟ್ಟವು. ಯಾವ ಪದಗಳಲ್ಲಿ ೞ ಬರುತ್ತದೆಂದು ಕೇಶಿರಾಜ ಪಟ್ಟಿಯನ್ನೇ ಕೊಟ್ಟಿದ್ದಾನೆ. ತಮಿಳು, ಮಲಯಾಳ ಮಾತಾಡುವವರ ಬಾಯಲ್ಲಿ ಅದು ಇನ್ನೂ ಬದುಕಿದೆ. ತರಗತಿಯಲ್ಲಿ ಅಂಥ ಗೆಳೆಯರಿದ್ದರೆ ಮಳೆಗೆ ಅವರ ಮನೆಯಲ್ಲಿ ಏನನ್ನುತ್ತಾರೆ ಎಂದು ಕೇಳಿ, ನಮ್ಮ ಹಿರಿಯರ ದನಿ ನಿಮ್ಮ ಕಿವಿಗೆ ಬೀಳುತ್ತದೆ.

ಹಾಗಾದರೆ ಎಲ್ಲ ಉಚ್ಚಾರವೂ ಎದೆಯಿಂದ ಮೇಲೇರಿ ಬರುವುದೇ? ಇಲ್ಲ. ಹಲ್ಲಿ ಲೊಚಗುಟ್ಟಿದಾಗ ದೊಡ್ಡವರು ತಾವೂ ಹಾಗೆ ನಾಲಗೆಯಿಂದ ಲೊಚಗುಟ್ಟುವುದನ್ನು ಕೇಳಿರುತ್ತೀರಿ. ಆ ಸದ್ದಿಗೆ ಎದೆಯ ಗಾಳಿ ಬೇಡ. ಉಸಿರು ಬಿಗಿಹಿಡಿದು ಮಾಡಿದರೂ ಬರುತ್ತದೆ. ಬಾಯೊಳಗೇ ಗಾಳಿಯನ್ನು ಹೀರಿ ನಾಲಗೆಯನ್ನು ಚಟ್ಟನೆ ಬಿಟ್ಟಾಗ ಹುಟ್ಟುವ ಸದ್ದದು. ನಮಗೆ ಅದು ಅಕ್ಷರವಲ್ಲ. ಆದರೆ ದಕ್ಷಿಣ ಆಫ್ರಿಕದ ಷೋಸಾ, ಜುಲು ಭಾಷೆಗಳಲ್ಲಿ ಇಂಥವು ನಮ್ಮ ಕ, ಚಗಳಷ್ಟೇ ಸಹಜವಾದ ವ್ಯಂಜನಗಳು. ನೆಲ್ಸನ್ ಮಂಡೇಲ ಅವರ ತಾಯ್ನುಡಿ ಷೋಸಾ. ಆ ಭಾಷೆಯ ಹೆಸರಿನ ಮೊದಲಲ್ಲೇ ಒಂದು ಲೊಚಗುಟ್ಟುವ ವ್ಯಂಜನವಿದೆ. ಕನ್ನಡದಲ್ಲಿ ಅದಕ್ಕೆ ಲಿಪಿಯಿಲ್ಲದ್ದರಿಂದ ‘ಷ’ ಎಂದು ಬರೆದಿದ್ದೇನೆ. ಇನ್ನು ಸ್ವೀಡನ್ನಿನ ಉತ್ತರದ ಊರುಗಳಲ್ಲಿ ಜನ ‘ಹೌದು’ ಎನ್ನಲು ಕೆಲವೊಮ್ಮೆ ಉಸಿರನ್ನು ಸುಯ್ ಎಂದು ಒಳಗೆಳೆದುಕೊಳ್ಳುತ್ತಾರೆ! ಅಷ್ಟೇ ಉತ್ತರ.

ಗಾಳಿಯ ದಾರಿಯ ಕೊನೆಗೆ ತುಟಿಗಳಿವೆ. ಆದರೆ ಮಗುವಿನ ತೊದಲು ಮಾತು ಶುರುವಾಗುವುದು ಹೆಚ್ಚಾಗಿ ಅಲ್ಲಿಂದಲೇ. ಹಾಲು ಕುಡಿದು ಕುಡಿದು ತುಟಿಗಳಿಗೆ ಮುಚ್ಚಿ ತೆರೆಯುವ ಕೆಲಸ ಚೆನ್ನಾಗಿ ರೂಢಿಯಾಗಿರುತ್ತದೆ. ಜತೆಗೆ ಎತ್ತಿಕೊಂಡವರ ತುಟಿಗಳ ಆಟ ಮಗುವಿಗೆ ಕಣ್ಣೆದುರೇ ಕಾಣುತ್ತದೆ, ನಾಲಗೆಯ ಆಟ ಕಾಣುವುದಿಲ್ಲ. ಹೀಗೆ ಬಬಬ, ಮಮಮ, ಪಪಪ ಎಂದು ಮಗು ಆಡತೊಡಗುತ್ತದೆ. ಆಗ ಅದಕ್ಕೆ ಅರ್ಥವೇನೂ ಇರುವುದಿಲ್ಲ. ಕೇಳಿಸಿಕೊಂಡ ದೊಡ್ಡವರು, ‘ನನ್ನನ್ನೇ ಕರೆಯಿತು!’ ಎಂದು ಹಿಗ್ಗಿ ಅರ್ಥ ಕೊಡುತ್ತಾರೆ. ಅದಕ್ಕೇ ಲೋಕದ ಎಷ್ಟೋ ಭಾಷೆಗಳಲ್ಲಿ ತಾಯಿ ತಂದೆಯರ ಹೆಸರುಗಳಲ್ಲಿ ಮ, ಪ, ಬ ಇವೆ. ಯಾವ ಉಲಿ ಯಾರಿಗೆ ಎಂಬುದು ಮಾತ್ರ ಆಯಾ ಮನೆಯವರ ತೀರ್ಮಾನ. ಜಾರ್ಜಿಯಾ ದೇಶದ ಮಕ್ಕಳು ‘ಮಾಮ’ ಎಂದು ಕರೆದರೆ ಬರುವುದು ಅಪ್ಪ. ಅಷ್ಟು ದೂರ ಹೋಗುವುದೇಕೆ, ನಮ್ಮ ಮಂಗಳೂರು, ಉಡುಪಿ ಕಡೆಯ ತುಳು ಮಕ್ಕಳನ್ನೇ ಕೇಳಿ. ಅವರಿಗೆ ಅಪ್ಪೆ ಎಂದರೆ ಅಮ್ಮ, ಅಮ್ಮೆ ಎಂದರೆ ಅಪ್ಪ.